ಅಮ್ಮ ಮೀನು ಬಿಟ್ಟ ವರ್ಷಗಳು

ನನ್ನ ಅಮ್ಮ ಮೀನು ಮಾರುವವಳು. ಬುಟ್ಟಿ ಕೆಳಗಿಳಿಸಿ ಬಹಳ ಕಾಲವಾಯಿತು, ಈಗ ತಲ್ಲೂರಿನ ನನ್ನ ಮನೆಯ ಜಗಲಿಯಲ್ಲಿ ಕೂತು ಹೆದ್ದಾರಿಯಲ್ಲಿ ಓಡುವ ಬಸ್ಸು ನೋಡುವುದೇ ಅವಳ ಕೆಲಸ. ಆದರೂ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೇ. ಮಾರುತ್ತಿದ್ದವಳು ಎಂದರೆ ಅವಳಿಗೆ ಸಿಟ್ಟು ಬರುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಗಂಗೊಳ್ಳಿಯಲ್ಲಿತ್ತು. ಬೋಟು ಬರುವ ಹೊತ್ತಿಗೆ ಸರಿಯಾಗಿ ಅಮ್ಮ ಬಂದರಿನಲ್ಲಿರುತ್ತಿದ್ದಳು. ಏಲಂ ಕೂಗುವಾಗ ಗಂಡಸರ ಗಂಟಲಿಗಿಂತ ಅವಳ ಗಂಟಲೇ ಮೇಲೆ. ಬುಟ್ಟಿ ತುಂಬಿಸಿಕೊಂಡು ಬೈಂದೂರು ಕಡೆಯ ಬಸ್ಸು ಹತ್ತಿದಾಗ ಕಂಡಕ್ಟರು ಮೂಗಿಗೆ ಕೈ ಹಿಡಿದರೆ ಅಮ್ಮ ಸುಮ್ಮನಿರುವುದುಂಟೇ! "ಹ್ವಾಯ್, ಮಧ್ಯಾಹ್ನ ಉಂಬತಿಗೂ ಹೀಂಗೇ ಮೂಗ್ ಮುಚ್ಕಂತ್ರ್ಯಾ?" ಎನ್ನುವಳು. ಇಡೀ ಬಸ್ಸು ನಗುತ್ತಿತ್ತು, ಕಂಡಕ್ಟರೂ ನಗುತ್ತಿದ್ದರು. ರಜೆಯಲ್ಲಿ ನಾನೂ ಅವಳ ಜೊತೆ ಹೋಗುತ್ತಿದ್ದೆ. ಬುಟ್ಟಿಯಿಂದ ಸೋರಿದ ನೀರು ಲಂಗಕ್ಕೆ ತಾಗಿ ಮನೆಗೆ ಬರುವಾಗ ನಾನೂ ಮೀನಿನ ವಾಸನೆಯಾಗಿರುತ್ತಿದ್ದೆ. ಆ ವಾಸನೆ ಈಗಲೂ ಎಲ್ಲಾದರೂ ಬಂದರೆ ನನಗೆ ಹಸಿವಾಗುತ್ತದೆ.

ಅಮ್ಮ ಮೀನು ತಿನ್ನುವುದನ್ನು ನೀವು ನೋಡಬೇಕಿತ್ತು. ಮಾರಾಟ ಮುಗಿಸಿ, ಮಿಂದು, ತಲೆಗೂದಲಿಗೆ ಬೈರಾಸು ಸುತ್ತಿಕೊಂಡು ಕುಚ್ಚಲಕ್ಕಿ ಅನ್ನದ ಮುಂದೆ ಕೂತಳೆಂದರೆ ಯಾರು ಕರೆದರೂ ಏಳುತ್ತಿರಲಿಲ್ಲ. ಬಂಗುಡೆಯ ತಲೆಗಾಗಿ ಅಪ್ಪಯ್ಯನಿಗೂ ಅವಳಿಗೂ ದಿನಾ ಜಗಳ. ಅಪ್ಪಯ್ಯ ಬೋಟಿನಲ್ಲಿ ದುಡಿಯುವವರು, ಸಮುದ್ರದಲ್ಲಿ ಯಾರಿಗೂ ಸೋಲದವರು ಈ ಜಗಳದಲ್ಲಿ ಮಾತ್ರ ಸೋಲುತ್ತಿದ್ದರು. ತಿಂದ ಮೇಲೆ ಅಮ್ಮನ ಬಟ್ಟಲಿನಲ್ಲಿ ಉಳಿಯುತ್ತಿದ್ದದ್ದು ತೊಳೆದಿಟ್ಟ ಹಾಗೆ ಬೆಳ್ಳಗಿನ ಮುಳ್ಳು ಮಾತ್ರ. ಬೆಕ್ಕು ಬಂದು ಮೂಸಿ ಬೇಸರದಿಂದ ಹೋಗುತ್ತಿತ್ತು.

ಅಂಥ ಹೆಂಗಸು ನನ್ನ ಹನ್ನೆರಡನೇ ವಯಸ್ಸಿನಲ್ಲಿ ಮೀನು ಬಿಟ್ಟಳು. ಬಿಟ್ಟದ್ದು ನನಗಾಗಿ. ನನ್ನ ಚರ್ಮಕ್ಕಾಗಿ.

ಮಚ್ಚೆ ಮೊದಲು ಬಂದದ್ದು ಮೊಣಕಾಲಿನ ಮೇಲೆ, ಹುಣಸೆ ಬೀಜದಷ್ಟು. ಚಿಬ್ಬು ಇರಬೇಕು ಎಂದು ಅಮ್ಮ ಲಿಂಬೆ ಹುಳಿ ತಿಕ್ಕಿದಳು, ತುಳಸಿ ರಸ ಹಚ್ಚಿದಳು. ಅದು ಹೋಗುವ ಬದಲು ತುಟಿಯ ತುದಿಯಲ್ಲಿ ಇನ್ನೊಂದು ಬಂತು. ನೋವಿಲ್ಲ, ತುರಿಕೆಯಿಲ್ಲ. ನನಗಂತೂ ಅದು ಇದ್ದದ್ದೇ ಮರೆತುಹೋಗುತ್ತಿತ್ತು. ನೆನಪಿಸಲು ಊರಿನಲ್ಲಿ ಜನಕ್ಕೇನು ಕಮ್ಮಿಯೇ? ನೆರೆಮನೆಯ ಅಜ್ಜಿಯೊಬ್ಬರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ ಅಮ್ಮನನ್ನು ಹತ್ತಿರ ಕರೆದರು.

"ಇದ್ ಚಿಬ್ಬಲ್ಲ ಹೆಣೆ. ಮೀನ್ ಉಂಡ್ ಮೇಲ್ ಹಾಲ್ ಕುಡ್ದ್ರೆ ಬಪ್ಪುದ್ ಇದ್. ಕೊಟ್ಟಿದ್ಯಾ ಕಾಣ್, ನೆನ್ಪ್ ಮಾಡ್."

ಅಮ್ಮ ನೆನಪು ಮಾಡಿಕೊಂಡಳು. ಅದೇ ಆದ ತಪ್ಪು. ಆ ವರ್ಷ ನನಗೆ ಜ್ವರ ಬಂದು ಸೊರಗಿಹೋಗಿದ್ದೆ. ಮೈಗೆ ಸ್ವಲ್ಪ ಶಕ್ತಿ ಬರಲಿ ಎಂದು ಎಮ್ಮೆ ಸಾಕಿದವರ ಮನೆಯಿಂದ ಹಾಲು ತಂದು, ಕಾಸಿ, ಬೆಲ್ಲ ಹಾಕಿ ಕುಡಿಸಿದ್ದಳು. ಅವತ್ತು ಮಧ್ಯಾಹ್ನ ಉಂಡದ್ದು ಶೆಟ್ಲಿ ಸಾರು. ಪೇಟೆಯವರು ಸಿಗಡಿ ಎನ್ನುತ್ತಾರಲ್ಲ, ಅದು. ಅಜ್ಜಿ ಹೋದ ಮೇಲೆ ಅಮ್ಮ ಹೊಸ್ತಿಲ ಮೇಲೆ ಕೂತವಳು ಬಹಳ ಹೊತ್ತು ಏಳಲಿಲ್ಲ. "ನಾನೇ ಕೈಯಾರೆ ಕುಡ್ಸಿದೆ," ಎಂದು ಅಪ್ಪಯ್ಯನ ಹತ್ತಿರ ಹೇಳುವಾಗ ಅವಳ ಸ್ವರ ಬಂದರಿನಲ್ಲಿ ಕೇಳುವ ಸ್ವರವಾಗಿರಲಿಲ್ಲ. ಬೋಟು ತಡವಾದರೂ ಅಳದವಳು ಅವತ್ತು ಅತ್ತಳು.

ಈಗ ಯೋಚಿಸಿದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಅಲ್ಲ ಮಾರಾಯ್ರೆ, ಗಂಗೊಳ್ಳಿಯಲ್ಲಿ ಮಧ್ಯಾಹ್ನ ಮೀನು ಸಾರು ಉಂಡು ಸಂಜೆ ಹಾಲು ಹಾಕಿದ ಚಾ ಕುಡಿಯದವರು ಯಾರಿದ್ದಾರೆ? ಮೀನು ಹಾಲು ಸೇರಿ ಬೆಳ್ಳಗಾಗುವುದಾದರೆ ಈ ಕರಾವಳಿಯಲ್ಲಿ ಕಪ್ಪಗಿನವರು ಒಬ್ಬರೂ ಉಳಿಯುತ್ತಿರಲಿಲ್ಲ. ಆ ಅಜ್ಜಿಯೇ ನಮ್ಮ ಜಗಲಿಯಲ್ಲಿ ಕೂತು ಅಮ್ಮ ಕೊಟ್ಟ ಚಾ ಕುಡಿಯುತ್ತಲೇ ಆ ಮಾತು ಹೇಳಿದ್ದು. ಆದರೆ ಹೆದರಿದ ತಾಯಿಗೆ ಇದೆಲ್ಲ ಎಲ್ಲಿ ಹೊಳೆಯುತ್ತದೆ?

ಆಮೇಲೆ ಪ್ರಶ್ನೆ ಕೇಳಿಸಿದ್ದೂ ಆಯಿತು. ಕವಡೆ ಹಾಕಿ ನೋಡಿದವರು ನಾಗನ ಕಡೆ ಬೆರಳು ತೋರಿಸಿದರು. ನಮ್ಮ ಕಡೆ ಚರ್ಮಕ್ಕೆ ಏನೇ ಬಂದರೂ ಆ ಬೆರಳು ಅಲ್ಲಿಗೇ ಹೋಗುವುದು. ನಮ್ಮ ಕುಟುಂಬದ ಮೂಲ ನಾಗನಿರುವುದು ಕೊಕ್ಕರ್ಣೆಯ ಹತ್ತಿರ, ಗದ್ದೆಯ ಅಂಚಿನ ಒಂದು ಬನದಲ್ಲಿ. ಅಮ್ಮ ನನ್ನನ್ನು ಕರೆದುಕೊಂಡು ಬ್ರಹ್ಮಾವರದಲ್ಲಿಳಿದು ಇನ್ನೊಂದು ಬಸ್ಸು ಹಿಡಿದು ಅಲ್ಲಿಗೆ ಹೋದಳು. ಕಲ್ಲಿನ ಮುಂದೆ ಅಡ್ಡಬಿದ್ದು, ಪಕ್ಕದಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳುವ ಹಾಗೆ ಹರಕೆ ಹೇಳಿಕೊಂಡಳು.

"ಸ್ವಾಮಿ, ತಪ್ಪ್ ಮಾಡ್ದವ್ಳ್ ನಾನ್. ಮಗ್ಳ್ ಮೈ ಮುಂಚಿನ ಹಾಂಗ್ ಆಪುವರಿಗೂ ನಾನ್ ಮೀನ್ ಬಾಯಿಗಿಡುದಿಲ್ಲ."

ಸುಳ್ಳು ಯಾಕೆ ಹೇಳಲಿ, ಆಗ ನನಗೆ ಹೆಮ್ಮೆಯಾಯಿತು. ಅಮ್ಮನಿಗೆ ಮೀನೆಂದರೆ ಎಷ್ಟೆಂದು ನನಗೆ ಗೊತ್ತಿತ್ತು. ಅದನ್ನೇ ಬಿಡುತ್ತಾಳೆಂದರೆ ನಾನೆಷ್ಟು ದೊಡ್ಡವಳು! ವಾಪಸು ಬರುವಾಗ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಇದು ಒಂದೆರಡು ತಿಂಗಳ ಮಾತು ಎಂದು ನಾವಿಬ್ಬರೂ ತಿಳಿದಿದ್ದೆವು.

ನನಗೂ ಒಂದು ಕಟ್ಟಳೆ ಬಂತು. ಮಗುವಿಗೆ ಮೀನು ಬಿಡಿಸಿದರೆ ತಿನ್ನಿಸುವುದೇನು, ಹಾಗಾಗಿ ನನಗೆ ಹಾಲು ಬಂದ್ ಆಯಿತು. ಚಾಕ್ಕೂ ಹಾಲಿಲ್ಲ. ಎಲ್ಲರ ಲೋಟದಲ್ಲಿ ಹಾಲಿನ ಚಾ ಇದ್ದರೆ ನನ್ನ ಲೋಟದಲ್ಲಿ ಕರೀ ಚಾ. ಊಟಕ್ಕೆ ಕೂತರೆ ನನ್ನ ಬಟ್ಟಲಿಗೆ ಎರಡು ಬಂಗುಡೆ ಬೀಳುತ್ತಿತ್ತು, ಅಮ್ಮನದ್ದರಲ್ಲಿ ಹರಿವೆ ಪಲ್ಯ ಅಥವಾ ಸೌತೆಕಾಯಿ ಹುಳಿ. ಅವಳಿಗೆ ಬೇರೆ ಪಾತ್ರೆ, ಬೇರೆ ಸಟ್ಟುಗ. ದಿನಾ ಜಗಳವಾಡುತ್ತಿದ್ದ ಬಂಗುಡೆಯ ತಲೆ ಅಪ್ಪಯ್ಯನಿಗೇ ಉಳಿಯತೊಡಗಿದ ಮೇಲೆ ಅವರಿಗೂ ಅದರ ಮೇಲೆ ಆಸೆ ಹೋಯಿತು.

ಒಳನಾಡಿನ ಒಬ್ಬರು ಬಾವಂಚಿ ಬೀಜದ ಎಣ್ಣೆ ಕೊಟ್ಟು, ಹಚ್ಚಿಕೊಂಡು ಬಿಸಿಲಿನಲ್ಲಿ ಕೂರಲು ಹೇಳಿದರು. ಅಮ್ಮ ನನ್ನನ್ನು ಅಂಗಳದಲ್ಲಿ ಮಣೆ ಹಾಕಿ ಕೂರಿಸಿದಳು. ಸಂಜೆಗೆ ಮೊಣಕಾಲಿನ ಮೇಲೆ ಬೊಬ್ಬೆಗಳೆದ್ದವು. ಅವು ಒಡೆದು ಒಣಗುವಷ್ಟರಲ್ಲಿ ಅಮ್ಮ ಆ ಎಣ್ಣೆಯ ಕುಪ್ಪಿಯನ್ನು ಹೊಳೆಗೆ ಎಸೆದುಬಂದಿದ್ದಳು. ಸರಿಯಾದ ಡಾಕ್ಟರನ್ನು ನೋಡದೆ ಸಿಕ್ಕಿದ್ದನ್ನೆಲ್ಲ ಹಚ್ಚಬಾರದು ಎಂದು ಇವತ್ತು ನಾನು ಯಾರಿಗಾದರೂ ಹೇಳಿದರೆ, ಅದು ಓದಿ ಹೇಳುವ ಮಾತಲ್ಲ. ಮೊಣಕಾಲು ತೋರಿಸಿ ಹೇಳುತ್ತೇನೆ.

ಶಾಲೆಯಲ್ಲಿ ಆದದ್ದನ್ನು ಹೆಚ್ಚು ಹೇಳುವುದಿಲ್ಲ. ಕೈ ಕೈ ಹಿಡಿದು ಸುತ್ತುವ ಆಟದಲ್ಲಿ ನನ್ನ ಎರಡೂ ಬದಿಯವರು ಲಂಗದ ಅಂಚು ಹಿಡಿಯುತ್ತಿದ್ದರು, ಬೆರಳು ಹಿಡಿಯುತ್ತಿರಲಿಲ್ಲ. ಅಂಟುತ್ತದೆ ಎಂದು ಅವರ ಮನೆಯಲ್ಲಿ ಹೇಳಿದ್ದರಂತೆ. ಅಮ್ಮನ ವ್ಯಾಪಾರಕ್ಕೂ ಅದು ತಾಗಿತು. ಬೈಂದೂರು ಕಡೆ ಖಾಯಂ ಮೀನು ತೆಗೆದುಕೊಳ್ಳುತ್ತಿದ್ದ ಒಂದು ಮನೆಯ ಹೆಂಗಸು ಒಂದು ದಿನ ಗೇಟಿನ ಆಚೆಗೇ ನಿಂತು ಕೇಳಿದರು.

"ನಿಮ್ ಹೆಣ್ಣಿಗೆ ತೊನ್ನ್ ಬಿದ್ದಿತ್ತಂಬ್ರಲೆ?"

"ಹೌದ್. ಅದ್ಕೂ ಬೂತಾಯಿಗೂ ಎಂತ ಸಂಬಂಧ? ನಾನ್ ಮಾರುದ್ ಮೀನ್, ಮಗ್ಳನ್ನಲ್ಲ. ಬೇಕಾರೆ ತಕಣಿ, ಬ್ಯಾಡ್ದಿದ್ರೆ ಬಿಡಿ," ಎಂದು ಅಮ್ಮ ಬುಟ್ಟಿ ಎತ್ತಿ ತಲೆಗಿಟ್ಟಳು. ಆ ಕೇರಿಗೇ ಮತ್ತೆ ಕಾಲಿಡಲಿಲ್ಲ. ನನ್ನ ಪರವಾಗಿ ಅವಳು ಊರಿಗೆಲ್ಲ ಉತ್ತರ ಕೊಡಬಲ್ಲವಳಾಗಿದ್ದಳು. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ ಹರಿವೆ ಪಲ್ಯ.

ವರ್ಷಗಳು ಹೋದವು. ಮಚ್ಚೆ ಕೈಗೆ ಬಂತು, ಬೆರಳಿಗೆ ಬಂತು, ಕಣ್ಣಿನ ಸುತ್ತ ಬಂತು, ಆಮೇಲೆ ತನಗೇ ಬೇಸರವಾದ ಹಾಗೆ ನಿಂತಿತು. ನಾನು ಹೊಲಿಗೆ ಕಲಿತೆ. ಅಳತೆ ತೆಗೆಯಲು ನನ್ನ ಕೈ ಮೈಗೆ ತಾಗುತ್ತದೆ ಎಂದು ಕೆಲವರು ಅಳತೆಯ ರವಿಕೆ ಕಳಿಸಿ ಕೊಡುತ್ತಿದ್ದರು. ಅಂಥವರ ರವಿಕೆ ಕಂಕುಳಲ್ಲಿ ಬಿಗಿಯಾದರೆ ಅದು ನನ್ನ ತಪ್ಪಲ್ಲ. ಬಿಗಿಯಾದ ಮೇಲೆ ತಾವೇ ಬಂದು ನಿಂತು ಕೈ ಎತ್ತಿದರು, ನಾನು ಟೇಪು ಹಾಕಿದೆ, ಯಾರಿಗೂ ಏನೂ ಅಂಟಲಿಲ್ಲ. ಈಗ ಮದುಮಗಳ ರವಿಕೆ ಎಂದರೆ ಹೆಮ್ಮಾಡಿಯಿಂದಲೂ ನನ್ನ ಹತ್ತಿರವೇ ಬರುತ್ತಾರೆ.

ಹುಡುಗ ನೋಡಲು ಬಂದ ದಿನ ಸುಡುವ ಸೆಖೆ. ಅಮ್ಮ ನನಗೆ ಮಣಿಗಂಟಿನವರೆಗೆ ಮುಚ್ಚುವ ಕೈಯ ರವಿಕೆ ಹಾಕಿಸಿದ್ದಳು. ಹುಡುಗ ಮುಂಬಯಿಯ ಹೋಟೆಲೊಂದರಲ್ಲಿ ಚಾ ಮಾಡುತ್ತಿದ್ದು ಊರಿಗೆ ಮರಳಿದವರು. ನನ್ನನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು: "ಸೆಖೆ ಆತಿಲ್ಯಾ ನಿಮ್ಗೆ?" ನಾನು ಎದ್ದು ಒಳಗೆ ಹೋಗಿ ಗಿಡ್ಡ ಕೈಯ ರವಿಕೆ ಹಾಕಿಕೊಂಡು ಬಂದೆ. ಅಮ್ಮನ ಮುಖ ಬಿಳುಚಿಹೋಯಿತು. ಅವರು ನನ್ನ ಕೈ ನೋಡಿದರು, ಗೋಳಿಬಜೆ ತಿಂದರು, ತಿಂಗಳೊಳಗೆ ಮದುವೆಯಾಯಿತು.

ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಬಂಗುಡೆ ಗಸಿ ಉಂಡು ಕೂತಿದ್ದೆವು. ಇವರು ಹಾಲು ಹಾಕಿದ ಗಟ್ಟಿ ಚಾ ಮಾಡಿ ನನ್ನ ಮುಂದಿಟ್ಟರು. ನಾನು ಬೇಡವೆಂದು ಕಥೆಯೆಲ್ಲ ಹೇಳಿದೆ. "ಮುಂಬೈಯಂಗೆ ನಮ್ ಹೋಟ್ಲಲ್ಲ್ ಮೀನ್ ಉಂಡವ್ರೆಲ್ಲ ನನ್ ಕೈಯಂಗೆ ಚಾ ಕುಡ್ದೇ ಹೋಪುದ್. ಒಬ್ಬನೂ ಬೆಳ್ಳಗಾದ್ದ್ ನಾನ್ ಕಾಣ್ಲಿಲ್ಲ ಮಾರಾಯ್ತಿ. ಕುಡಿ," ಎಂದರು. ಕುಡಿದೆ. ಎಷ್ಟು ವರ್ಷದ ಮೇಲೆ ಹಾಲಿನ ಚಾ! ನಾಲಗೆಗೆ ಹಬ್ಬವಾದರೂ ಹೆದರಿಕೆ ಹೋಗಲಿಲ್ಲ. ಮಾರನೆ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು ಮೈಯೆಲ್ಲ ನೋಡಿಕೊಂಡೆ. ಇದ್ದದ್ದು ಇದ್ದ ಹಾಗೇ ಇತ್ತು. ಅವತ್ತಿನಿಂದ ನಾನು ಹಾಲಿನ ಚಾ ಕುಡಿಯುವವಳಾದೆ.

ಅಪ್ಪಯ್ಯ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಬಂದಳು. ಬರುವಾಗ ಅವಳ ಬೇರೆ ಪಾತ್ರೆ, ಬೇರೆ ಸಟ್ಟುಗವೂ ಬಂದವು. ನಾನು ಮೀನು ತಂದರೆ ದೂರದಿಂದಲೇ ನೋಡಿ, "ಇದ್ ಐಸಂಗಿಟ್ಟದ್, ಮೋಸ ಹೋದೆ," ಎಂದು ಬೈಯುವಳು. ಮಸಾಲೆಗೆ ಹುಳಿ ಎಷ್ಟು, ಮೆಣಸು ಎಷ್ಟು ಎಂದು ಜಗಲಿಯಿಂದಲೇ ಕೂಗಿ ಹೇಳುವಳು. ಸಾರು ಕುದಿಯುವಾಗ ಒಮ್ಮೊಮ್ಮೆ ಅಡುಗೆಮನೆಯ ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದಳು. ಮೂಗು ಅರಳುವುದು ನನಗೆ ಕಾಣುತ್ತಿತ್ತು. ವಯಸ್ಸಾಗಿ ಸೊರಗುತ್ತಿದ್ದವಳು. ಇನ್ನೆಷ್ಟು ವರ್ಷ ಅವಳ ಊಟ? ಮೀನಿಲ್ಲದೆಯೇ ಈ ಹೆಂಗಸು ಹೋಗಿಬಿಟ್ಟರೆ ಆ ಋಣವನ್ನು ನಾನು ಎಲ್ಲಿ ಇಡಲಿ ಎಂದು ನನಗೆ ಚಿಂತೆಯಾಗಿತ್ತು.

ಈಚೆಗೆ, ಒಂದು ಮಳೆಗಾಲದ ಶುರುವಿನಲ್ಲಿ, ನಮ್ಮ ಸ್ವಸಹಾಯ ಗುಂಪಿನವರಿಗೆ ಕುಂದಾಪುರದಲ್ಲಿ ಬಿಳಿಮಚ್ಚೆಯ ಬಗ್ಗೆ ಒಂದು ಮಾಹಿತಿ ಕಾರ್ಯಕ್ರಮವಿತ್ತು. ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು, ತೋರಿಸಲಿಕ್ಕೆ ಬೇಕಲ್ಲ! ಮಧ್ಯಾಹ್ನ ಊಟವಿದೆ ಎಂದು ಅಮ್ಮನೂ ಹೊರಟಿದ್ದಳು. ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಇದು ಅಂಟುವ ರೋಗವಲ್ಲ, ಕುಷ್ಠವಲ್ಲ, ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ ಎಂದರು. ಕೆಲವರಿಗೆ ಮುಲಾಮಿನಿಂದ, ಬೆಳಕಿನ ಚಿಕಿತ್ಸೆಯಿಂದ ಬಣ್ಣ ಮರಳುತ್ತದೆ, ಕೆಲವರಿಗೆ ಇಲ್ಲ, ಬೇಗ ತೋರಿಸಿಕೊಂಡರೆ ಒಳ್ಳೆಯದು ಎಂದರು. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದಾಗ ನನ್ನ ಪಕ್ಕದಲ್ಲಿ ಅಮ್ಮ ಎದ್ದು ನಿಂತಳು.

"ಡಾಕ್ಟ್ರಮ್ಮ, ಇದ್ ನನ್ ಮಗ್ಳ್. ಸಣ್ಣ್ ಇಪ್ಪತಿಗೆ ಶೆಟ್ಲಿ ಸಾರ್ ಉಂಡ್ ಮೇಲ್ ಹಾಲ್ ಕುಡ್ಸಿದ್ ನಾನೇ. ಅದ್ರಿಂದ್ಲೇ ಅಲ್ದಾ ಬಂದದ್?"

ಅಷ್ಟು ವರ್ಷ ಮನೆಯೊಳಗೆ ಮಾತ್ರ ಹೇಳಿದ್ದನ್ನು ಅಮ್ಮ ಊರಿನ ಮುಂದೆ ಹೇಳಿಬಿಟ್ಟಿದ್ದಳು.

"ಅಲ್ಲ ಅಜ್ಜಿ," ಎಂದರು ಡಾಕ್ಟರು. "ಮೀನಿಂದ ಬರುವುದಿಲ್ಲ, ಹಾಲಿಂದ ಬರುವುದಿಲ್ಲ, ಎರಡೂ ಸೇರಿದರೂ ಬರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳಿರುತ್ತವೆ. ರೋಗದಿಂದ ನಮ್ಮನ್ನು ಕಾಯುವ ಶಕ್ತಿಯೇ ಕೆಲವರ ಮೈಯಲ್ಲಿ ಆ ಕಣಗಳನ್ನು ಶತ್ರು ಅಂತ ತಿಳಿದು ಹಾಳು ಮಾಡುತ್ತದೆ. ಇಂಥವರಿಗೇ ಯಾಕೆ ಅಂತ ಹೇಳುವುದು ಕಷ್ಟ. ನೀವು ಮಾಡಿದ್ದು ಏನೂ ಇಲ್ಲ."

"ಎಂತದೂ ಮಾಡದೆ ಬತ್ತಾ ಹಾಂಗಾರೆ?"

"ಬರುತ್ತದೆ ಅಜ್ಜಿ."

ಅಮ್ಮ ಕೂತಳು. ಅವಳ ಮುಖ ಹಗುರಾಗಬಹುದು ಎಂದು ನಾನು ನೋಡುತ್ತಿದ್ದೆ. ಹಗುರಾಗಲಿಲ್ಲ. ಯಾರೋ ಅವಳ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಮಡಿಲಿನಲ್ಲಿ ಬೆರಳು ಆಡಿಸುತ್ತ ಕೂತಿದ್ದಳು. ವಾಪಸು ಬರುವ ಬಸ್ಸಿನಲ್ಲಿ, "ಸಣ್ಣ್ ಹೆಣ್ಣ್ ಅದ್. ಅದ್ಕೆಂತ ಗೊತ್ತ್? ಮೀನೇ ತಿಂಬುದಿಲ್ಲ ಕಾಣ್ತ್," ಎಂದಳು. ನನಗೆ ನಗು ಬಂತು, ತಡೆದುಕೊಂಡೆ.

ಮಾರನೆ ದಿನ ಮಧ್ಯಾಹ್ನ ಊಟಕ್ಕೆ ಕೂತೆವು. ಬಂದ್ ಶುರುವಾಗುವ ಮುಂಚಿನ ಕೊನೆಯ ಮೀನೆಂದು ಇವರು ಒಳ್ಳೆಯ ಕಾಣೆ ತಂದಿದ್ದರು. ನಮ್ಮಲ್ಲಿ ಮಳೆಗಾಲದ ಮೊದಲ ಎರಡು ತಿಂಗಳು ಬೋಟು ಸಮುದ್ರಕ್ಕಿಳಿಯುವಂತಿಲ್ಲ. ಹುರಿದ ಕಾಣೆಯ ತಟ್ಟೆಯನ್ನು ಅಮ್ಮನ ಮುಂದಿಟ್ಟೆ.

"ಡಾಕ್ಟ್ರ್ ಹೇಳಿದ್ದ್ ಕೇಂಡ್ಯಲೆ. ಇನ್ನಾರೂ ತಿನ್ನ್ ಅಮ್ಮ."

ಅವಳು ತಟ್ಟೆಯನ್ನು ನನ್ನ ಕಡೆಗೇ ಸರಿಸಿದಳು. "ಹರಕಿ ಅಂದ್ರ್ ಹರಕಿ. ನಿನ್ ಮೈ ಸಮ ಆಯ್ಲಿ, ಅವತ್ ತಿಂತೆ."

ಅಷ್ಟು ವರ್ಷ ಒಳಗೆ ಇದ್ದದ್ದು ಅವತ್ತು ಹೊರಗೆ ಬಂತು. ನನಗೆ ಸಿಟ್ಟು ಬಂದರೆ ಗಂಟಲು ಅಮ್ಮನದ್ದೇ.

"ನನ್ ಮೈಗ್ ಎಂತ ಆಯ್ತ್ ಅಮ್ಮ? ಹೊಲಿತೆ, ಉಣ್ತೆ, ನೆಗ್ಯಾಡ್ತೆ, ಗಂಡನ ಹತ್ರ ಜಗಳ ಮಾಡ್ತೆ. ಊರಿನವ್ರ್ ಹೇಳುದೆಲ್ಲ ಹೊರ್ಗೆ, ಬಾಗ್ಲ್ ಹಾಕಿರೆ ನಂಗೆ ಕೇಂತಿಲ್ಲ. ನೀನ್ ಒಳ್ಗೇ ನನ್ ಎದ್ರ್ ಕೂಕಂಡ್ ಮೀನ್ ಬಿಟ್ಟ್ ಉಂಬುದ್. ನಿನ್ ಬಟ್ಲ್ ಕಂಡಾಗ್ಳೆಲ್ಲ, ಮಗ್ಳ್ ಹಾಳಾಯ್ತ್, ಮಗ್ಳ್ ಹಾಳಾಯ್ತ್ ಅಂತ ನೀನ್ ಹೇಳ್ದಾಂಗ್ ಆತ್ತ್ ನಂಗೆ. ಅವ್ರ್ ಯಾರೂ ನಂಗೆ ಇಷ್ಟ್ ವರ್ಷ ಹಾಂಗ್ ಹೇಳ್ಲಿಲ್ಲ!"

ಇವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅಮ್ಮ ನನ್ನನ್ನೇ ನೋಡಿದಳು. ಅರ್ಧ ಉಂಡದ್ದಕ್ಕೇ ಎದ್ದು ಕೈ ತೊಳೆದು ಜಗಲಿಗೆ ಹೋದಳು. ನನಗೆ ಕಾಣೆ ರುಚಿಸಲಿಲ್ಲ. ಹೇಳಬಾರದಿತ್ತೇ ಎಂದು ಯೋಚಿಸಿದೆ. ಅವತ್ತು ಹೇಳದಿದ್ದರೆ ನಾನು ಸಾಯುವವರೆಗೂ ಹೇಳುತ್ತಿರಲಿಲ್ಲ ಎಂದೂ ಅನ್ನಿಸಿತು.

ಆ ಮಳೆಗಾಲ ನಮ್ಮ ಮನೆಯಲ್ಲಿ ಒಣಮೀನಿನ ಚಟ್ನಿ, ಹಲಸಿನ ಬೀಜದ ಸಾರು. ಅಮ್ಮ ಬೇಕಾದಷ್ಟೇ ಮಾತಾಡುತ್ತಿದ್ದಳು. ಮಸಾಲೆ ಹೇಗಿರಬೇಕೆಂದು ಕೂಗುವುದೂ ನಿಂತಿತು. ಒಂದೆರಡು ಸಲ ನಾನು ಯಂತ್ರದ ಮುಂದೆ ಹೊಲಿಯುತ್ತಿದ್ದಾಗ ಪಕ್ಕಕ್ಕೆ ಬಂದು ಕೂತು ನನ್ನ ಕೈಗಳನ್ನು ನೋಡುತ್ತಿದ್ದಳು. ಮುಂಚೆ ನೋಡುತ್ತಿದ್ದ ಹಾಗಲ್ಲ. ಮುಂಚೆಯೆಲ್ಲ ಮಚ್ಚೆ ಇಷ್ಟಾಯಿತೇ ಅಷ್ಟಾಯಿತೇ ಎಂದು ಕಣ್ಣಿನಲ್ಲೇ ಅಳೆಯುತ್ತಿದ್ದಳು. ಈಗ ಬಟ್ಟೆ ಸರಿಯುವುದನ್ನು, ಸೂಜಿ ಓಡುವುದನ್ನು ನೋಡುತ್ತಿದ್ದಳು. "ಚಂದ ಹೊಲಿತೆ," ಎಂದಳು ಒಂದು ದಿನ, ಮೊದಲ ಸಲ ನೋಡಿದವಳ ಹಾಗೆ.

ನಾಗರಪಂಚಮಿ ಬಂತು. ಪ್ರತಿ ವರ್ಷ ಕೊಕ್ಕರ್ಣೆಯ ಬನಕ್ಕೆ ಹೋಗಿ ನಾಗನಿಗೆ ತನು ಹಾಕಿಸುವುದು, ಹಾಲು ಎಳನೀರು ಎರೆಸುವುದು, ಅಮ್ಮ ಬಿಟ್ಟವಳಲ್ಲ. ಆ ವರ್ಷ ಅವಳಿಗೆ ಮಂಡಿನೋವೆಂದು ನಾನೂ ಜೊತೆಗೆ ಹೋದೆ. ಬ್ರಹ್ಮಾವರದಲ್ಲಿ ಬಸ್ಸಿನ ತುಂಬ ಅರಿಶಿನ ಎಲೆ, ಕೇದಿಗೆ, ಎಳನೀರು ಹಿಡಿದ ಜನ. ಬನದಲ್ಲಿ ತನು ಎರೆದು ಭಟ್ಟರು ಪ್ರಸಾದ ಕೊಟ್ಟ ಮೇಲೆ ಅಮ್ಮ ಹೊರಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಕಾಸು ತೆಗೆದು, "ತಪ್ಪುಕಾಣ್ಕಿ ಇಡ್ಕಿತ್ತ್," ಎಂದಳು. ಹರಕೆಯಲ್ಲೋ ಪೂಜೆಯಲ್ಲೋ ತಪ್ಪಿದರೆ ಕ್ಷಮೆ ಕೇಳಿ ದೇವರ ಮುಂದೆ ಇಡುವ ಕಾಣಿಕೆ ಅದು. ಭಟ್ಟರು ಪ್ರಾರ್ಥನೆ ಮಾಡಿಸಲು ಬಂದರೆ ಬೇಡವೆಂದಳು. ತಾನೇ ಕಲ್ಲಿನ ಮುಂದೆ ಕೈಮುಗಿದು ನಿಂತು ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ.

ಹರಕೆ ತೀರಿಸಲಾಗಲಿಲ್ಲ, ಮಗಳು ಬಿಡುತ್ತಿಲ್ಲ, ಕ್ಷಮಿಸು ಎಂದು ಕೇಳಿರಬಹುದು ಎಂದುಕೊಂಡೆ. ಮನೆಗೆ ಬಂದು ಅರಿಶಿನ ಎಲೆಯ ಕಡುಬು ತಿಂದು ಮಲಗಿದೆವು.

ಮಾರನೆ ಬೆಳಿಗ್ಗೆ ರಸ್ತೆಯಲ್ಲಿ ಮೀನಿನ ರಿಕ್ಷಾದ ಹಾರ್ನ್ ಕೇಳಿತು. ಬೋಟುಗಳು ಮತ್ತೆ ಇಳಿದಿದ್ದವು. ನಾನು ಹೊಲಿಗೆ ಬಿಟ್ಟು ಏಳುವಷ್ಟರಲ್ಲಿ ಅಮ್ಮ ಮಂಡಿನೋವು ಮರೆತು ಗೇಟು ದಾಟಿದ್ದಳು. ರಿಕ್ಷಾದವನ ಹತ್ತಿರ ಅವಳ ಗಂಟಲು ಕೇಳಿತು. ಅಷ್ಟು ವರ್ಷಗಳ ಮೇಲೆ ಆ ಗಂಟಲು! "ಇದ್ ಬಂಗ್ಡಿಯಾ? ಕಣ್ಣ್ ಕಾಣ್, ನಿನ್ ಅಜ್ಜಿದಾಂಗ್ ಇತ್ತ್. ಅಡಿಗಿಪ್ಪುದ್ ತೆಗಿ." ಅವನು ನಗುತ್ತ ಅಡಿಯಿಂದ ತೆಗೆದುಕೊಟ್ಟ. ಅವತ್ತು ಅಡುಗೆಮನೆಗೆ ನನ್ನನ್ನು ಬಿಡಲಿಲ್ಲ. ತಾನೇ ಕಡಿದಳು, ತಾನೇ ಮೆಣಸು ಹುರಿದಳು, ತಾನೇ ರುಬ್ಬಿದಳು.

ಮಧ್ಯಾಹ್ನ ಇವರು ಕುಂದಾಪುರಕ್ಕೆ ಹೋಗಿದ್ದರು. ನಾವಿಬ್ಬರೇ ಕೂತೆವು. ಅಮ್ಮ ನನಗೆ ಬಡಿಸಿದಳು, ತನಗೆ ಬಡಿಸಿಕೊಂಡಳು, ಅದೇ ಪಾತ್ರೆಯಿಂದ, ಅದೇ ಸಟ್ಟುಗದಿಂದ. ನಾನು ಅನ್ನ ಮುಟ್ಟದೆ ನೋಡುತ್ತಿದ್ದೆ. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅಗಿದಳು. ಬಹಳ ಹೊತ್ತು ಅಗಿದಳು. ಕಣ್ಣಿನಿಂದ ನೀರು ಇಳಿದರೂ ಒರೆಸಿಕೊಳ್ಳಲಿಲ್ಲ, ಎರಡನೆಯ ತುತ್ತು ಕಲಸಿದಳು.

"ಅಮ್ಮ, ನಿನ್ನೆ ನಾಗನ ಹತ್ರ ಎಂತ ಹೇಳ್ದೆ?"

ಬಾಯಿಯಿಂದ ಮುಳ್ಳು ತೆಗೆದು ಬಟ್ಟಲಿನ ಅಂಚಿಗಿಟ್ಟಳು. "ಎಂತ ಹೇಳುದ್? ನನ್ ಮಗ್ಳ್ ಅವತ್ತೂ ಸಮ ಇದ್ಲ್, ಈಗ್ಳೂ ಸಮ ಇದ್ಲ್. ಸ್ವಾಮಿ, ನಾನೇ ನಿನ್ ಹತ್ರ ತಪ್ಪ್ ಹರಕಿ ಹೇಳ್ಕಂಡದ್, ಮಾಪ್ ಮಾಡ್ ಅಂದೆ."

ನನಗೆ ಅನ್ನ ಕಾಣಿಸಲಿಲ್ಲ, ಬಟ್ಟಲು ಕಾಣಿಸಲಿಲ್ಲ.

"ಎಂತ ಮಳ್ಳಿ ಕಂಡಾಂಗ್ ಕೂಕಂಡದ್? ತಣ್ಕಂತ್ತ್, ಉಣ್," ಎಂದು ಗದರಿ ಅಮ್ಮ ನನ್ನ ಬಟ್ಟಲಿಗೆ ಇನ್ನೊಂದು ಬಂಗುಡೆ ಹಾಕಿದಳು.